ದೀಪ ಹಿಡಿದವರ ಇನ್ನೊಂದು ಕೈಯಲ್ಲಿ ಫಾರಂ ಇತ್ತು

ಮೇ 12 ಬಂತೆಂದರೆ ನಮ್ಮ ನರ್ಸಿಂಗ್ ಕಾಲೇಜುಗಳಲ್ಲೆಲ್ಲ ದೀಪ ಹಚ್ಚುತ್ತಾರೆ. ಬಿಳಿ ಯೂನಿಫಾರಂ ತೊಟ್ಟ ಹುಡುಗಿಯರು ಸಾಲಾಗಿ ನಿಂತು ಪ್ರತಿಜ್ಞೆ ಹೇಳುತ್ತಾರೆ. ವೇದಿಕೆಯ ಮೇಲೆ ಫ್ಲಾರೆನ್ಸ್ ನೈಟಿಂಗೇಲ್ ಫೋಟೋ, ಫೋಟೋಗೆ ಹಾರ. ಭಾಷಣ ಮಾಡುವವರು ಕರುಣೆ, ತ್ಯಾಗ, ಸೇವೆ ಅನ್ನೋ ಮೂರು ಪದದಲ್ಲಿ ಅವರ ತೊಂಬತ್ತು ವರ್ಷದ ಬದುಕನ್ನ ಮುಗಿಸಿಬಿಡ್ತಾರೆ. ನಿಜ ಹೇಳಬೇಕಂದ್ರೆ, ನೈಟಿಂಗೇಲ್ ಯುದ್ಧದ ಆಸ್ಪತ್ರೆಯಲ್ಲಿ ದೀಪ ಹಿಡಿದು ವಾರ್ಡು ಸುತ್ತಿದ್ದು ಎರಡು ವರ್ಷಕ್ಕಿಂತ ಕಡಿಮೆ. ಆಮೇಲಿನ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಮಾಡಿದ್ದು ಕಾಗದದ ಕೆಲಸ. ಫಾರಂ, ಪಟ್ಟಿ, ಲೆಕ್ಕ, ವರದಿ, ಪತ್ರ.

ನಾನು ಈ ಕಾಗದದ ಕಡೆಯವಳು. ಆಸ್ಪತ್ರೆಯೊಂದರ ರೆಕಾರ್ಡ್ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಈಗ ಜಾಲಹಳ್ಳಿಯ ಮನೆಯಲ್ಲಿದ್ದೀನಿ. ಅಕ್ಕಪಕ್ಕದವರು ಇನ್ಶೂರೆನ್ಸ್ ಫೈಲು ಹಿಡ್ಕೊಂಡು ಬರ್ತಾರೆ, ಒಂದು ಸಲ ನೋಡಿಕೊಡಿ ಅಂತಾರೆ. ನೋಡಿಕೊಡ್ತೀನಿ. ಹಾಗೆ ನೋಡ್ತಾ ನೋಡ್ತಾ ನನಗೆ ನೈಟಿಂಗೇಲ್ ಬದುಕು ಬೇರೆಯೇ ರೀತಿ ಕಾಣೋಕೆ ಶುರುವಾಯ್ತು. ಅದನ್ನೇ ಇಲ್ಲಿ ಹೇಳಬೇಕು ಅಂತಿದೀನಿ.

ಜಾಲಹಳ್ಳಿಗೂ ಆರೈಕೆಗೂ ಹಳೇ ಸಂಬಂಧ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಸೇನೆಯ ಆಸ್ಪತ್ರೆಗಳಿದ್ದವು. ಆಮೇಲೆ ವಾಯುಪಡೆ ಬಂತು, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಊರೂರುಗಳಿಂದ ಹುಡುಗರು ಕೆಲಸಕ್ಕೆ ಬಂದು ಇಲ್ಲೇ ಮನೆ ಕಟ್ಟಿದರು. ಅವರಿಗೆಲ್ಲ ಈಗ ವಯಸ್ಸಾಗಿದೆ. ಗಂಗಮ್ಮನ ಗುಡಿ ಕಡೆಯ ರಸ್ತೆಗಳಲ್ಲಿ ನಡೆದರೆ ಎಷ್ಟೋ ಮನೆಯ ಹಾಲ್‌ನಲ್ಲಿ ಸೋಫಾ ಸರಿಸಿ ಮಂಚ ಹಾಕಿರೋದು ಕಾಣತ್ತೆ. ಪಕ್ಕದಲ್ಲಿ ಆಕ್ಸಿಜನ್ ಮಷೀನು, ಔಷಧಿ ಡಬ್ಬಿ, ಮೊಬೈಲ್ ನೋಡ್ತಾ ಕೂತ ಹೋಮ್ ನರ್ಸ್. ಮಕ್ಕಳು ಅಮೆರಿಕದಲ್ಲೋ ವೈಟ್‌ಫೀಲ್ಡಿನಲ್ಲೋ ಇರ್ತಾರೆ. ಎರಡೂ ಒಂದೇ ದೂರ. ಆಸ್ಪತ್ರೆ ಬಿಲ್ಲಾದರೆ ಯಾರಾದರೂ ಒಬ್ಬರು ಕೊಡ್ತಾರೆ. ಮನೆಯಲ್ಲಿ ನಡೆಯೋ ಆರೈಕೆಗೆ ದುಡ್ಡು ಕೊಡೋರು ಯಾರು? ಈ ಪ್ರಶ್ನೆಯನ್ನ ಮೊದಲು ಗಂಭೀರವಾಗಿ ಎತ್ತಿಕೊಂಡವರ ಸಾಲಿನಲ್ಲಿ ನೈಟಿಂಗೇಲ್ ಇದ್ದಾರೆ.

ಹುಟ್ಟಿದ್ದು 1820ರ ಮೇ 12, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗಿಟ್ಟರು. ಶ್ರೀಮಂತ ಇಂಗ್ಲಿಷ್ ಮನೆತನ. ಡರ್ಬಿಶೈರಿನಲ್ಲಿ ಒಂದು ಮನೆ, ಹ್ಯಾಂಪ್‌ಶೈರಿನಲ್ಲಿ ಇನ್ನೊಂದು. ಹೆಣ್ಣುಮಕ್ಕಳಿಗೆ ಕಸೂತಿ, ಪಿಯಾನೋ ಸಾಕು ಅನ್ನುವ ಕಾಲದಲ್ಲಿ ಅಪ್ಪ ತಾವೇ ಕೂತು ಇಬ್ಬರು ಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದರು. ಕಿರಿಯವಳಿಗೆ ಗಣಿತದ ಹುಚ್ಚು ಹಿಡೀತು. ನರ್ಸ್ ಆಗ್ತೀನಿ ಅಂದಾಗ ಮನೆಯಲ್ಲಿ ದೊಡ್ಡ ರಂಪ. ಆಗಿನ ಕಾಲಕ್ಕೆ ಆಸ್ಪತ್ರೆ ನರ್ಸ್ ಅಂದ್ರೆ ಮರ್ಯಾದಸ್ಥರ ಕೆಲಸವೇ ಅಲ್ಲ. ಹಾಗಾಗಿ ಬೆಳಗಿನ ಜಾವ ಮನೆಯವರು ಏಳೋ ಮುಂಚೆ ಎದ್ದು, ಮೇಣದ ಬತ್ತಿ ಬೆಳಕಿನಲ್ಲಿ ಸರ್ಕಾರದ ಆರೋಗ್ಯ ವರದಿಗಳನ್ನ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಅವರ ದೀಪದ ಕಥೆ ಶುರು ಮಾಡೋದಾದ್ರೆ ಇಲ್ಲಿಂದಲೇ ಮಾಡಬೇಕು.

1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಮೂರು ತಿಂಗಳ ತರಬೇತಿ. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನಲ್ಲಿ ಕಾಯಿಲೆ ಬಿದ್ದ ಹೆಂಗಸರಿಗಾಗಿ ಇದ್ದ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿ. ಸಂಬಳ ಇಲ್ಲ. ಅಪ್ಪ ವರ್ಷಕ್ಕೆ 500 ಪೌಂಡ್ ಕೊಡೋಕೆ ಒಪ್ಪಿದ್ದರಿಂದ ಅದು ಸಾಧ್ಯವಾಯ್ತು. ಈ 500 ಪೌಂಡ್ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗತ್ತೆ. ಅಲ್ಲಿ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಲೆಕ್ಕದ ಪುಸ್ತಕ ನೋಡಿದ್ದು. ದಿನಸಿ ಬಿಲ್ಲು ಸರಿಮಾಡಿ, ಮೂರು ತಿಂಗಳಿಗೊಮ್ಮೆ ಆಡಳಿತ ಸಮಿತಿಗೆ ಲಿಖಿತ ವರದಿ ಕೊಡುವ ಪದ್ಧತಿ ಇಟ್ಟುಕೊಂಡರು. ದುಡ್ಡು ಕೊಡೋರಿಗೆ ಲೆಕ್ಕ ಕೊಡಬೇಕು, ಕೊಟ್ಟರೆ ಮತ್ತೆ ಕೇಳಬಹುದು. ಆ ಪಾಠ ಅಲ್ಲೇ ಆಯ್ತು.

1854ರ ಅಕ್ಟೋಬರಿನಲ್ಲಿ 38 ಮಂದಿ ನರ್ಸುಗಳನ್ನ ಕರ್ಕೊಂಡು ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಗೆ ಹೊರಟರು. ಇವತ್ತಿನ ಇಸ್ತಾಂಬುಲ್ ನಗರದ ಆಚೆ ದಡ ಅದು. ಅಲ್ಲಿ ಕಂಡದ್ದು ಎರಡು ಬಗೆಯ ಕಾಗದದ ಕಾಯಿಲೆ. ಮೊದಲನೇದು, ಸಾಮಾನು ಇದ್ದರೂ ಕೈಗೆ ಸಿಗದ ಸ್ಥಿತಿ. ಅಂಗಿ, ಹಾಸಿಗೆ ಬಂದಿಳಿದರೂ ಅಧಿಕಾರಿಗಳ ಮಂಡಳಿ ಕೂತು ಪರಿಶೀಲಿಸಿ ಸಹಿ ಹಾಕುವ ತನಕ ಗಂಟು ಬಿಚ್ಚುವಂತಿಲ್ಲ. ಚಳಿಯಲ್ಲಿ ನಡುಗುವ ಸೈನಿಕನಿಗೂ ಗೋದಾಮಿನಲ್ಲಿರುವ ಕಂಬಳಿಗೂ ನಡುವೆ ಒಂದು ಸಹಿ ಅಡ್ಡ ನಿಂತಿರ್ತಿತ್ತು. ಎರಡನೇದು, ಲೆಕ್ಕವೇ ಇಲ್ಲದ ಸ್ಥಿತಿ. ಸತ್ತವರ ಸಂಖ್ಯೆಯನ್ನ ಬೇರೆ ಬೇರೆ ಅಧಿಕಾರಿಗಳು ಬೇರೆ ಬೇರೆ ಪುಸ್ತಕದಲ್ಲಿ ಬರೀತಿದ್ದರು, ಒಂದಕ್ಕೊಂದು ತಾಳೆ ಆಗ್ತಿರಲಿಲ್ಲ. ಹೂಳಿದ ಹೆಣಗಳಲ್ಲಿ ಎಷ್ಟೋ ಯಾವ ಪುಸ್ತಕದಲ್ಲೂ ಇರಲಿಲ್ಲ.

ಈ ಎರಡನ್ನೂ ಒಟ್ಟಿಗೆ ನೋಡಿದ್ದೇ ನೈಟಿಂಗೇಲ್ ಅವರನ್ನ ಬೇರೆಯವರಿಂದ ಬೇರೆ ಮಾಡಿದ್ದು ಅಂತ ನನ್ನ ಅನಿಸಿಕೆ. ಮೊದಲನೇದನ್ನ ಮಾತ್ರ ಕಂಡವರು ಫಾರಂಗಳನ್ನೆಲ್ಲ ಸುಟ್ಟುಹಾಕಿ ಅಂತಾರೆ. ಎರಡನೇದನ್ನ ಮಾತ್ರ ಕಂಡವರು ಇನ್ನೂ ನಾಲ್ಕು ಫಾರಂ ಸೇರಿಸ್ತಾರೆ. ನೈಟಿಂಗೇಲ್ ಆಸ್ಪತ್ರೆಗೆ ಬಂದ ಪ್ರತಿ ದೇಣಿಗೆಯ ಲೆಕ್ಕ ಇಟ್ಟರು. ಯುದ್ಧ ಮುಗಿದ ಮೇಲೆ, 1857ರಲ್ಲಿ, ಏನು ಬಂತು, ಯಾವುದಕ್ಕೆ ಹೋಯ್ತು ಅಂತ ಅದನ್ನ ಅಚ್ಚು ಹಾಕಿಸಿದರು. ಜನ ಅವರ ಹೆಸರಿನಲ್ಲಿ ಕೊಟ್ಟ ನಿಧಿ 44 ಸಾವಿರ ಪೌಂಡ್ ದಾಟಿತ್ತು. ಆ ದುಡ್ಡಿನಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯ್ತು.

ಲೆಕ್ಕ ಕೆಲವೊಮ್ಮೆ ಲೆಕ್ಕ ಇಟ್ಟವರಿಗೇ ಪೆಟ್ಟು ಕೊಡತ್ತೆ. 1855ರ ಫೆಬ್ರವರಿಯಲ್ಲಿ ಸ್ಕುಟಾರಿಯ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಬಂದ ನೂರಕ್ಕೆ ಸುಮಾರು 42 ಮಂದಿ ಸಾಯ್ತಿದ್ದರು. ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಚರಂಡಿ ತೊಳೆಸಿ, ನೀರು, ಗಾಳಿ ಸರಿಪಡಿಸಿದ ಮೇಲೆ ಜೂನ್ ಹೊತ್ತಿಗೆ ಅದು ನೂರಕ್ಕೆ ಎರಡರ ಆಸುಪಾಸಿಗೆ ಇಳೀತು. ಊರಿಗೆ ವಾಪಸಾದ ಮೇಲೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಅಂಕಿ ಜೋಡಿಸಿದಾಗ ಗೊತ್ತಾದದ್ದು ಎರಡು ಸಂಗತಿ. ಗಾಯಕ್ಕಿಂತ ಕಾಯಿಲೆಗೆ ಸತ್ತವರು ಎಷ್ಟೋ ಪಟ್ಟು ಹೆಚ್ಚು. ಮತ್ತೆ ಆ ಚಳಿಗಾಲದಲ್ಲಿ ಯುದ್ಧಭೂಮಿಯ ಹತ್ತಿರದ ಆಸ್ಪತ್ರೆಗಳಿಗಿಂತ ತಾವಿದ್ದ ಸ್ಕುಟಾರಿಯಲ್ಲೇ ಸಾವು ಹೆಚ್ಚು. ದೇಶವೆಲ್ಲ ಅವರನ್ನ ದೇವತೆ ಅಂತ ಹಾಡಿಹೊಗಳುತ್ತಿದ್ದ ಹೊತ್ತು ಅದು. ಆ ಅಂಕಿಗಳನ್ನ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಬಣ್ಣದ ಚಿತ್ರ ಮಾಡಿ, ಗಣಿತ ಬಾರದ ಮಂತ್ರಿಗಳಿಗೂ ಕಣ್ಣಿಗೆ ಹೊಡೆಯೋ ಹಾಗೆ ತೋರಿಸಿದರು. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಅವರನ್ನ ಸದಸ್ಯೆಯಾಗಿ ಆರಿಸಿಕೊಂಡಿತು. ಆ ಸಂಸ್ಥೆಗೆ ಅವರೇ ಮೊದಲ ಮಹಿಳಾ ಸದಸ್ಯೆ.

1860ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ನಡೀತು. ಎಲ್ಲ ಆಸ್ಪತ್ರೆಗಳೂ ಒಂದೇ ರೀತಿಯ ಫಾರಂ ತುಂಬಬೇಕು, ಆಗ ಒಂದರ ಜೊತೆ ಇನ್ನೊಂದನ್ನ ಹೋಲಿಸಬಹುದು ಅಂತ ನೈಟಿಂಗೇಲ್ ಒಂದು ಮಾದರಿ ಕಳಿಸಿದರು. ಸಮ್ಮೇಳನ ಒಪ್ಪಿತು. ಲಂಡನ್ನಿನ ಕೆಲವು ಆಸ್ಪತ್ರೆಗಳು ಪ್ರಯೋಗವನ್ನೂ ಮಾಡಿದವು. ಆದರೆ ಅದು ಬಹಳ ದಿನ ನಿಲ್ಲಲಿಲ್ಲ. ಕಾಲಂಗಳು ಹೆಚ್ಚಾದವು, ತುಂಬೋಕೆ ಸಮಯ ಬೇಕು, ಗುಮಾಸ್ತರಿಗೆ ಸಂಬಳ ಬೇಕು. ಫಾರಂ ತುಂಬುವ ಕೆಲಸಕ್ಕೂ ದುಡ್ಡು ತೆಗೆದಿಡಬೇಕು ಅನ್ನೋದು ಅಲ್ಲಿ ಬಿಟ್ಟುಹೋಗಿತ್ತು. ನೈಟಿಂಗೇಲ್ ಬದುಕಿನ ಈ ಸೋಲನ್ನ ಯಾರೂ ಭಾಷಣದಲ್ಲಿ ಹೇಳಲ್ಲ. ನನಗೆ ಮಾತ್ರ ಇವತ್ತಿನ ಆಶಾ ಕಾರ್ಯಕರ್ತೆಯರನ್ನ ನೋಡಿದಾಗಲೆಲ್ಲ ಇದೇ ನೆನಪಾಗತ್ತೆ.

ಅವರ ಕಾಗದ ನಮ್ಮ ಬೆಂಗಳೂರಿಗೂ ಬಂದಿತ್ತು. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಆರೋಗ್ಯ ವಿಚಾರಿಸೋಕೆ 1859ರಲ್ಲಿ ರಾಯಲ್ ಕಮಿಷನ್ ನೇಮಕವಾಯ್ತು. ಎಲ್ಲ ಸೇನಾ ಠಾಣ್ಯಗಳಿಗೂ ಪ್ರಶ್ನಾವಳಿ ಕಳಿಸಿದರು, ಅದನ್ನ ರೂಪಿಸಿದ್ದರಲ್ಲಿ ನೈಟಿಂಗೇಲ್ ಕೈಯಿತ್ತು. ನೀರು ಎಲ್ಲಿಂದ ಬರತ್ತೆ, ಚರಂಡಿ ಎಲ್ಲಿಗೆ ಹೋಗತ್ತೆ, ಬ್ಯಾರಕ್ಕಿನಲ್ಲಿ ಒಬ್ಬೊಬ್ಬರಿಗೆ ಎಷ್ಟು ಜಾಗ, ಎಷ್ಟು ಜನ ಸತ್ತರು. ಉತ್ತರಗಳು ಗಾಡಿಗಟ್ಟಲೆ ಬಂದವು. 1863ರ ವರದಿ ಎರಡು ಸಾವಿರ ಪುಟ ದಾಟಿತು. ಭಾರತದಲ್ಲಿ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯ್ತಿದ್ದಾರೆ ಅನ್ನೋದು ಹೊರಬಿತ್ತು. ಬೆಂಗಳೂರು ದಂಡಿನ ಸಂಗತಿಯೂ ಅದರಲ್ಲಿತ್ತು. ಕುಡಿಯೋ ನೀರಿನ ಹಲಸೂರು ಕೆರೆಗೆ ಬಜಾರಿನ ಕೊಳೆ ಹರಿದು ಸೇರ್ತಿದೆ ಅನ್ನೋದನ್ನ ನೈಟಿಂಗೇಲ್ ತಮ್ಮ ಟಿಪ್ಪಣಿಯಲ್ಲಿ ಎತ್ತಿ ತೋರಿಸಿದರು. ಭಾರತಕ್ಕೆ ಅವರು ಯಾವತ್ತೂ ಬರಲೇ ಇಲ್ಲ.

ಇಲ್ಲಿ ಅವರ ಮಿತಿಯನ್ನೂ ಹೇಳಲೇಬೇಕು. ಆ ಫಾರಂನಲ್ಲಿ ಲೆಕ್ಕಕ್ಕೆ ಬಂದದ್ದು ಸೈನಿಕರ ಸಾವು. ಬಜಾರಿನಲ್ಲಿದ್ದ ನಮ್ಮವರು ಕೊಳೆಯ ಮೂಲವಾಗಿ ಬಂದರೇ ಹೊರತು ರೋಗಿಗಳಾಗಿ ಬರಲಿಲ್ಲ. ಯಾವ ಕಾಲಂ ಇಲ್ಲವೋ ಆ ಜನವೂ ಇಲ್ಲ, ಅವರಿಗೆ ದುಡ್ಡೂ ಇಲ್ಲ. ವಯಸ್ಸಾಗ್ತಾ ಹೋದ ಹಾಗೆ ನೈಟಿಂಗೇಲ್ ನೋಟ ಬದಲಾಯ್ತು. 1876ರಿಂದ 78ರ ಬರಗಾಲದಲ್ಲಿ ಮದ್ರಾಸ್ ಪ್ರಾಂತ್ಯವೂ ಮೈಸೂರು ಸಂಸ್ಥಾನವೂ ನಲುಗಿಹೋದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿದಿತ್ತು. ಆ ಹೊತ್ತಿಗೆ ಅವರು ರೈತರ ಸಾಲ, ನೀರಾವರಿ, ಬರದ ಬಗ್ಗೆ ಬರೀತಿದ್ದರು. 1890ರ ದಶಕದಲ್ಲಿ ಹಳ್ಳಿಗಳಿಂದ ವಸೂಲಿ ಮಾಡೋ ಕರದಲ್ಲಿ ಮೊದಲ ಪಾಲು ಆ ಹಳ್ಳಿಯ ನೈರ್ಮಲ್ಯಕ್ಕೇ ಹೋಗಬೇಕು ಅಂತ ಒತ್ತಾಯಿಸಿದರು. ಇಂಗ್ಲೆಂಡಿನ ಬಕಿಂಗ್‌ಹ್ಯಾಂಶೈರಿನಲ್ಲಿ ಹಳ್ಳಿ ಹೆಂಗಸರಿಗೆ ತರಬೇತಿ ಕೊಟ್ಟು ಮನೆಮನೆಗೆ ಆರೋಗ್ಯ ಹೇಳಿಕೊಡೋಕೆ ಕಳಿಸುವ ಪ್ರಯೋಗ ಮಾಡಿಸಿ, ಭಾರತದ ಹಳ್ಳಿಗಳಿಗೂ ಇಂಥವರು ಬೇಕು ಅಂತ 1896ರಲ್ಲಿ ಬರೆದರು. ನಮ್ಮ ಆಶಾ ಯೋಜನೆ ಬಂದದ್ದು 2005ರಲ್ಲಿ.

ಇನ್ನು ಮನೆ ಆರೈಕೆಯ ಕಥೆ. ಲಿವರ್‌ಪೂಲಿನ ವ್ಯಾಪಾರಿ ವಿಲಿಯಂ ರಾಥ್‌ಬೋನ್ ಅವರ ಹೆಂಡತಿ 1859ರಲ್ಲಿ ತೀರಿಕೊಂಡರು. ಕೊನೇ ದಿನಗಳಲ್ಲಿ ಮೇರಿ ರಾಬಿನ್ಸನ್ ಅನ್ನೋ ನರ್ಸ್ ಮನೆಯಲ್ಲೇ ನೋಡಿಕೊಂಡಿದ್ದರು. ನಮ್ಮಂಥ ಅನುಕೂಲಸ್ಥರಿಗೇ ಇದು ಇಷ್ಟು ನೆಮ್ಮದಿ ಕೊಟ್ಟರೆ ಬಡವರ ಮನೆಯಲ್ಲಿ ಹೇಗಿರಬೇಡ ಅಂತ ಯೋಚಿಸಿದ ರಾಥ್‌ಬೋನ್, ಅದೇ ನರ್ಸನ್ನ ಸಂಬಳ ಕೊಟ್ಟು ಬಡವರ ಕೇರಿಗೆ ಮೂರು ತಿಂಗಳ ಮಟ್ಟಿಗೆ ಕಳಿಸಿದರು. ಒಂದೇ ತಿಂಗಳಿಗೆ ಆಕೆ, ಆ ಸಂಕಟ ನೋಡೋಕಾಗಲ್ಲ, ಬಿಡಿಸಿಬಿಡಿ ಅಂತ ಬಂದರು. ಸಮಾಧಾನ ಮಾಡಿ ವಾಪಸ್ ಕಳಿಸಿದರು. ಮೂರು ತಿಂಗಳು ಮುಗಿಯೋ ಹೊತ್ತಿಗೆ ಈ ಕೆಲಸ ಬಿಟ್ಟು ಬೇರೆ ಬೇಡ ಅಂದರು. ಹೆಚ್ಚಿನ ನರ್ಸುಗಳು ಬೇಕಾದಾಗ ರಾಥ್‌ಬೋನ್ 1861ರಲ್ಲಿ ಸಲಹೆ ಕೇಳಿದ್ದು ನೈಟಿಂಗೇಲ್ ಅವರನ್ನ. ಅಲ್ಲೇ ತರಬೇತಿ ಶಾಲೆ ತೆಗೆಯಿರಿ ಅಂತ ನೈಟಿಂಗೇಲ್ ಹೇಳಿದರು. ಶಾಲೆ ಆಯ್ತು. ಊರನ್ನ 18 ವಿಭಾಗ ಮಾಡಿ, ಒಂದೊಂದಕ್ಕೂ ಖರ್ಚು ನೋಡಿಕೊಳ್ಳೋ ಸ್ಥಳೀಯರ ಗುಂಪು ಮಾಡಿದರು.

ನೈಟಿಂಗೇಲ್ ಇಲ್ಲಿ ಸೇರಿಸಿದ್ದು ಒಂದು ಮುಖ್ಯವಾದ ತಿಳಿವಳಿಕೆ. ಆಸ್ಪತ್ರೆಯಲ್ಲಿ ವೈದ್ಯರಿಗೆ ಸಹಾಯಕ್ಕೆ ಹತ್ತಾರು ಮಂದಿ ಇರ್ತಾರೆ. ರೋಗಿಯ ಮನೆಯಲ್ಲಿ ಇರೋದು ನರ್ಸ್ ಒಬ್ಬರೇ. ಹಾಗಾಗಿ ವೈದ್ಯರಿಗೆ ಬೇಕಾದ ನಾಡಿ, ಜ್ವರ, ರೋಗಿಯ ಸ್ಥಿತಿ ಎಲ್ಲವನ್ನೂ ಗಮನಿಸಿ ಬರೆದಿಡುವ ಕೆಲಸವೂ ಅವರದ್ದೇ. ಮನೆ ನರ್ಸಿಗೆ ಆಸ್ಪತ್ರೆ ನರ್ಸಿಗಿಂತ ಕಡಿಮೆ ತರಬೇತಿ ಸಾಕು ಅನ್ನೋರ ವಿರುದ್ಧ ಅವರ ವಾದ ಇದು, ಹೆಚ್ಚೇ ಬೇಕು ಅಂತ. ನರ್ಸ್ ದಾನ ಹಂಚೋಕೆ ಹೋಗಬಾರದು, ಚರಂಡಿ ಕಟ್ಟಿದ್ದರೆ ಸಂಬಂಧಪಟ್ಟ ಅಧಿಕಾರಿಗೆ ತಿಳಿಸಬೇಕು ಅಂತಲೂ ಹೇಳಿದರು. 1876ರ ಏಪ್ರಿಲ್‌ನಲ್ಲಿ ಟೈಮ್ಸ್ ಪತ್ರಿಕೆಗೆ ಉದ್ದದ ಪತ್ರ ಬರೆದು ಲಂಡನ್ನಿನ ಬಡವರ ಮನೆ ನರ್ಸಿಂಗಿಗೆ ದುಡ್ಡು ಕೇಳಿದರು. 1887ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟದ ಐವತ್ತನೇ ವರ್ಷಕ್ಕೆ ಹೆಂಗಸರಿಂದ ಸೇರಿದ ಕಾಣಿಕೆಯಲ್ಲಿ 70 ಸಾವಿರ ಪೌಂಡ್ ಮನೆ ನರ್ಸಿಂಗಿಗೇ ಮೀಸಲಾಯ್ತು, ಅದಕ್ಕೊಂದು ಸಂಸ್ಥೆ ಆಯ್ತು. ಊರೂರಿನ ಸಂಘಗಳು ಅದಕ್ಕೆ ಸೇರಬೇಕಾದರೆ ತರಬೇತಿ ಪಡೆದ ನರ್ಸುಗಳಿರಬೇಕು, ತಪಾಸಣೆಗೆ ಒಪ್ಪಬೇಕು.

ಈ ದಾರಿ ಎಲ್ಲಿಗೆ ಹೋಯ್ತು ನೋಡಿ. 1909ರಲ್ಲಿ, ನೈಟಿಂಗೇಲ್ ಇನ್ನೂ ಬದುಕಿದ್ದಾಗಲೇ, ನ್ಯೂಯಾರ್ಕಿನಲ್ಲಿ ಲಿಲಿಯನ್ ವಾಲ್ಡ್ ಅನ್ನೋ ನರ್ಸ್ ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿಯನ್ನ ಒಪ್ಪಿಸಿದರು. ಪಾಲಿಸಿ ಇರೋ ಕಾರ್ಮಿಕರ ಮನೆಗೆ ನರ್ಸ್ ಹೋದರೆ ಆ ಭೇಟಿಗಳ ಖರ್ಚು ಕಂಪನಿಯದ್ದು. ಭೇಟಿಗಳ ಲೆಕ್ಕ ಬರೆದಿದ್ದರಿಂದಲೇ ಕಂಪನಿ ದುಡ್ಡು ಕೊಡ್ತು. ಆ ವ್ಯವಸ್ಥೆ 1953ರ ತನಕ ನಡೀತು. ದಾನಿಗಳ ದಯೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಸ್ಥಿತಿಯಿಂದ ಇದು ಹಕ್ಕು ಅನ್ನುವ ಸ್ಥಿತಿಗೆ ಮನೆ ಆರೈಕೆ ಬಂದದ್ದು ದಾಖಲೆಯ ಮೂಲಕ.

ನಮ್ಮಲ್ಲೂ ಆ ಹಕ್ಕಿನ ಬೀಜ ಕಾನೂನಿನಲ್ಲಿದೆ. 1948ರ ಇಎಸ್‌ಐ ಕಾಯ್ದೆಯ 56ನೇ ಸೆಕ್ಷನ್ ನೋಡಿ. ವೈದ್ಯಕೀಯ ಸೌಲಭ್ಯವನ್ನ ಡಿಸ್ಪೆನ್ಸರಿಯಲ್ಲಿ, ಆಸ್ಪತ್ರೆಯಲ್ಲಿ ಅಥವಾ ವಿಮಾದಾರರ ಮನೆಗೇ ಹೋಗಿ ಕೊಡಬಹುದು ಅಂತ ಅದರಲ್ಲಿತ್ತು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ಜಾಲಹಳ್ಳಿ ಕ್ರಾಸಿನಲ್ಲಿ ಬಾಡಿಗೆ ಮನೆಯಲ್ಲಿರೋ ಎಷ್ಟು ಕಾರ್ಮಿಕರಿಗೆ ಮನೆ ಭೇಟಿಯ ಮಾತು ಗೊತ್ತಿದೆ? ಸಂಬಳದಲ್ಲಿ ನೂರಕ್ಕೆ 75 ಪೈಸೆ ಮಾತ್ರ ತಿಂಗಳು ತಿಂಗಳು ತಪ್ಪದೆ ಹೋಗತ್ತೆ.

ಕೋವಿಡ್ ಕಾಲದಲ್ಲಿ ಈ ವಿಷಯ ಎಲ್ಲರ ಮನೆ ಬಾಗಿಲಿಗೂ ಬಂತು. 2020ರ ಜುಲೈನಲ್ಲಿ ಬಂದ ಕೊರೋನಾ ಕವಚ ಪಾಲಿಸಿಯಲ್ಲಿ ಮನೆಯಲ್ಲಿ ಪಡೆದ ಚಿಕಿತ್ಸೆಗೂ 14 ದಿನದ ತನಕ ಹಣ ಇತ್ತು. ಷರತ್ತೂ ಇತ್ತು. ಮನೆಯಲ್ಲೇ ಚಿಕಿತ್ಸೆ ಆಗಲಿ ಅಂತ ವೈದ್ಯರು ಹೇಳಿರಬೇಕು, ದಿನದಿನದ ಚಾರ್ಟ್ ಇರಬೇಕು, ಕೊಟ್ಟ ಔಷಧಿ ಅದರಲ್ಲಿ ಬರೆದಿರಬೇಕು, ಚಿಕಿತ್ಸೆ ಕೊಟ್ಟ ವೈದ್ಯರ ಸಹಿ ಇರಬೇಕು. ಮಾಮೂಲಿ ಪಾಲಿಸಿಗಳಲ್ಲೂ ಡೊಮಿಸಿಲಿಯರಿ ಅನ್ನೋ ಹೆಸರಿನಲ್ಲಿ ಮನೆ ಚಿಕಿತ್ಸೆಯ ಅಂಶ ಇರೋದುಂಟು. ರೋಗಿಯನ್ನ ಆಸ್ಪತ್ರೆಗೆ ಸಾಗಿಸೋ ಸ್ಥಿತಿ ಇಲ್ಲ, ಇಲ್ಲವೇ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ ಅನ್ನೋದು ಕಾಗದದಲ್ಲಿ ಕಾಣಬೇಕು.

ನಮ್ಮ ಬೀದಿಯ ಯಜಮಾನರೊಬ್ಬರಿಗೆ ಹೀಗೇ ಆಯ್ತು. ಹನ್ನೊಂದು ದಿನ ಮನೆಯಲ್ಲೇ ಡ್ರಿಪ್ಪು, ಆಕ್ಸಿಜನ್. ಹೆಂಡತಿ ಬಳೆ ಅಡ ಇಟ್ಟು ದುಡ್ಡು ಹೊಂದಿಸಿದ್ದರು. ಕ್ಲೇಮ್ ವಾಪಸ್ ಬಂದ ಮೇಲೆ ನನ್ನ ಹತ್ತಿರ ತಂದರು. ವೈದ್ಯರ ಚೀಟಿಯಲ್ಲಿ ಚಿಕಿತ್ಸೆ ಶುರುವಾದ ತಾರೀಖು ಒಂದು, ಬಿಲ್ಲಿನಲ್ಲಿ ಇನ್ನೊಂದು. ಹನ್ನೊಂದು ದಿನದಲ್ಲಿ ನಾಲ್ಕು ದಿನದ ಚಾರ್ಟೇ ಇಲ್ಲ. ಬಂದಿದ್ದ ಹುಡುಗಿ ಒಳ್ಳೇ ಕೆಲಸದವಳು, ಯಜಮಾನರ ಬೆನ್ನಿಗೆ ಒಂದು ಹುಣ್ಣೂ ಆಗದ ಹಾಗೆ ನೋಡಿಕೊಂಡಿದ್ದಳು. ಚಾರ್ಟ್ ಬರೀಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಬರೆಯೋಕೆ ಒಂದು ಹಾಳೆಯನ್ನೂ ಕೊಟ್ಟಿರಲಿಲ್ಲ. ವೈದ್ಯರಿಂದ ಪತ್ರ ಬರೆಸಿ ಮತ್ತೆ ಕಳಿಸಿದೆವು, ಆ ಕಂಪನಿ ಪೂರ್ತಿ ನಿರಾಕರಿಸಿತು. ನಾಲ್ಕು ಹಾಳೆ ಇಲ್ಲದ್ದಕ್ಕೆ ಹನ್ನೊಂದು ದಿನದ ಆರೈಕೆ ನಡೆದೇ ಇಲ್ಲ ಅಂತಾಯ್ತು. ಬಳೆ ಇನ್ನೂ ಅಡಮಾನದಲ್ಲೇ ಇದೆ. ಸ್ಕುಟಾರಿಯ ತಾಳೆಯಾಗದ ಪುಸ್ತಕಗಳು ನೆನಪಾಗದೆ ಇರತ್ತಾ?

ಇದಕ್ಕಿಂತ ದೊಡ್ಡ ಕಥೆ ನಮ್ಮ ಆಶಾ ಕಾರ್ಯಕರ್ತೆಯರದ್ದು. ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮಗು ಮನೆಗೆ ಬಂದ ಮೇಲೆ 3, 7, 14, 21, 28, 42ನೇ ದಿನ ಅವರು ಮನೆಗೆ ಹೋಗಬೇಕು. ಮಗುವಿನ ತೂಕ, ಜ್ವರ, ಹಾಲು ಕುಡಿಯೋದು, ತಾಯಿಯ ರಕ್ತಸ್ರಾವ ಎಲ್ಲ ನೋಡಿ ಫಾರಂ ತುಂಬಬೇಕು. ಆರೂ ಭೇಟಿ ಮುಗಿದು, ತಾಯಿ ಕಾರ್ಡಿನಲ್ಲಿ ತೂಕ ಬರೆದು, ಲಸಿಕೆ ಆಗಿ, ಜನನ ನೋಂದಣಿ ಆಗಿ, ತಾಯಿ ಮಗು ಇಬ್ಬರೂ ಕ್ಷೇಮ ಅಂತಾದರೆ 250 ರೂಪಾಯಿ ಪ್ರೋತ್ಸಾಹಧನ. ಒಂದು ಭೇಟಿಗೆ ಅಲ್ಲ, ಆರಕ್ಕೂ ಸೇರಿ. ಅದು ಕೈಗೆ ಬರಬೇಕಾದರೆ ಅವರು ಬರೆದದ್ದನ್ನ ಬೇರೆ ಯಾರೋ ಆರ್‌ಸಿಎಚ್ ಪೋರ್ಟಲ್‌ಗೆ ಏರಿಸಬೇಕು. ಏರಿಸದಿದ್ದರೆ, ಏರಿಸಿದ್ದು ತಪ್ಪಾದರೆ, ಸರ್ವರ್ ಕೂತರೆ, ಆ ಕೆಲಸ ನಡೆದೇ ಇಲ್ಲ. ಪ್ರೋತ್ಸಾಹಧನವನ್ನ ಪೋರ್ಟಲ್‌ಗೆ ಗಂಟು ಹಾಕಬೇಡಿ ಅಂತ ಅವರು ವರ್ಷಗಳಿಂದ ಕೇಳ್ತಿದಾರೆ. 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತ ಹೆಂಗಸರ ಹಿಂದೆ ಈ ಕಥೆಯೂ ಇತ್ತು.

ಇಲ್ಲಿ ನೈಟಿಂಗೇಲ್ ಬದುಕಿನ ಎರಡೂ ಪಾಠ ಒಟ್ಟಿಗೆ ಬರತ್ತೆ. ದಾಖಲೆ ಬೇಕೇ ಬೇಕು. ಮೂರನೇ ದಿನದ ತೂಕ, ಏಳನೇ ದಿನದ ತೂಕ ಬರೆದಿದ್ದರಿಂದಲೇ ಸೊರಗುತ್ತಿರೋ ಮಗು ಗೊತ್ತಾಗತ್ತೆ. ಎಷ್ಟು ಭೇಟಿ ಆಗಿದೆ ಅಂತ ಗೊತ್ತಾದರೆ ತಾನೇ ಮುಂದಿನ ವರ್ಷದ ಬಜೆಟ್ಟಿನಲ್ಲಿ ದುಡ್ಡು ಕೇಳೋಕಾಗೋದು? ಆದರೆ ಒಂದೇ ವಿಷಯವನ್ನ ನಾಲ್ಕು ಕಡೆ ಬರೆಸಿ, ಬರೆಯೋಕೆ ಬಿಡಿಗಾಸು ಕೊಡದೆ, ಕೊನೆಗೆ ಎಲ್ಲೋ ಒಂದು ಕಾಲಂ ಖಾಲಿ ಅಂತ ಕೂಲಿ ತಡೆಹಿಡಿದರೆ ಅದು ಗೋದಾಮಿನ ಕಂಬಳಿ ಕಥೆಯೇ. ಹಾಗೆ ಮಾಡಿದ್ರೆ ಜನ ಸುಳ್ಳು ಬರೆಯೋದನ್ನ ಕಲೀತಾರೆ. ಸುಳ್ಳು ಅಂಕಿಯ ಮೇಲೆ ಕಟ್ಟಿದ ಯೋಜನೆ ನಿಜವಾದ ರೋಗಿಯ ಮಂಚ ಮುಟ್ಟಲ್ಲ.

ನೈಟಿಂಗೇಲ್ ತಾವೇ ಮನೆ ಆರೈಕೆಯಲ್ಲಿದ್ದವರು. ಕ್ರಿಮಿಯಾದಲ್ಲಿ ಹಿಡಿದ ಜ್ವರ ಅವರನ್ನ ಪೂರ್ತಿ ಬಿಡಲಿಲ್ಲ. 1857ರಿಂದ ಮುಂದೆ ಎಷ್ಟೋ ವರ್ಷ ಹಾಸಿಗೆ ಹಿಡಿದೇ ಬದುಕಿದರು. ಭಾರತದ ವರದಿ, ನರ್ಸಿಂಗ್ ಶಾಲೆ, ಲಿವರ್‌ಪೂಲಿನ ಸಲಹೆ ಎಲ್ಲ ಹೊರಟಿದ್ದು ಆ ಹಾಸಿಗೆಯಿಂದ. ಮಂತ್ರಿಗಳೂ ವೈಸ್‌ರಾಯ್ ಆಗಿ ಹೊರಟವರೂ ಲಂಡನ್ನಿನ ಅವರ ಮನೆಗೇ ಬಂದು ಹೋಗ್ತಿದ್ದರು. ಕೊನೇ ವರ್ಷಗಳಲ್ಲಿ ಕಣ್ಣು ಹೋಯ್ತು, ನೆನಪು ಮಾಸಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಬಂದಾಗ ಏನು ನಡೀತಿದೆ ಅಂತ ಅವರಿಗೆ ತಿಳಿಯೋ ಸ್ಥಿತಿ ಹೆಚ್ಚೇನೂ ಉಳಿದಿರಲಿಲ್ಲ. 1910ರ ಆಗಸ್ಟ್ 13ರಂದು ಸ್ವಂತ ಮನೆಯಲ್ಲಿ, ಸ್ವಂತ ಹಾಸಿಗೆಯಲ್ಲಿ ಪ್ರಾಣ ಬಿಟ್ಟರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹೂಳುವ ಅವಕಾಶ ಬಂದರೂ ಮನೆಯವರು ಬೇಡ ಅಂದು ಹ್ಯಾಂಪ್‌ಶೈರಿನ ಈಸ್ಟ್ ವೆಲ್ಲೋ ಚರ್ಚಿನಲ್ಲಿ ಮಣ್ಣು ಮಾಡಿದರು.

ಅಪ್ಪನ 500 ಪೌಂಡಿನ ಮಾತು ಈಗ ಬಂತು. ಅಷ್ಟು ಅನುಕೂಲ ಇದ್ದವರು ತಮ್ಮ ಮನೆಯ ಆರೈಕೆಗೆ ಯಾರ ಮುಂದೆಯೂ ಫಾರಂ ತುಂಬಬೇಕಾಗಿರಲಿಲ್ಲ. ಫಾರಂ ಬೇಕಾಗೋದು ಆ 500 ಪೌಂಡ್ ಇಲ್ಲದವರಿಗೆ. ಬೇರೆಯವರ ದುಡ್ಡಿನಿಂದ, ಸರ್ಕಾರದ ಅಥವಾ ವಿಮೆಯ ದುಡ್ಡಿನಿಂದ, ಮನೆಯಲ್ಲಿ ಗೌರವದಿಂದ ಸಾಯೋ ಅಥವಾ ಗುಣವಾಗೋ ಅವಕಾಶ ಪಡೆಯೋಕೆ ಬಡವರಿಗೂ ಮಧ್ಯಮ ವರ್ಗದವರಿಗೂ ಇರೋದು ಅದೊಂದೇ ದಾರಿ. ಹಾಗಾಗಿ ಆ ದಾರಿಯನ್ನ ನಡೆಯೋ ಹಾಗೆ ಇಡಬೇಕಾದ್ದು ಸರ್ಕಾರದ ಕೆಲಸ. ಆಶಾ ಬರೆದ ಪುಸ್ತಕವೇ ಕೂಲಿಗೆ ಆಧಾರ ಆಗಲಿ, ಪೋರ್ಟಲ್ ತಡವಾದರೆ ಅದರ ಹೊರೆ ಇಲಾಖೆ ಹೊರಲಿ. ಬರೆಯೋ ಸಮಯಕ್ಕೂ ಸಂಬಳ ಸಿಗಲಿ. ವಿಮಾ ಕಂಪನಿಗಳು ಮನೆ ಚಿಕಿತ್ಸೆಗೆ ಒಂದೇ ಪುಟದ, ಕನ್ನಡದಲ್ಲೂ ಇರೋ ಚಾರ್ಟನ್ನ ಪಾಲಿಸಿ ಜೊತೆಗೇ ಕೊಡಲಿ, ಒಂದು ದಿನದ ಹಾಳೆ ಇಲ್ಲದಿದ್ದರೆ ಆ ದಿನದ ದುಡ್ಡು ಮಾತ್ರ ತಡೆಯಲಿ.

ಅದೆಲ್ಲ ಆಗೋ ತನಕ ನಾವು ಮನೆಯಲ್ಲಿ ಮಾಡಬಹುದಾದ್ದೂ ಇದೆ. ಮನೆಯಲ್ಲಿ ಚಿಕಿತ್ಸೆ ಶುರು ಮಾಡೋ ಮೊದಲೇ, ಯಾಕೆ ಮನೆಯಲ್ಲಿ ಅಂತ ವೈದ್ಯರಿಂದ ತಾರೀಖು ಹಾಕಿಸಿ ಬರೆಸಿಕೊಳ್ಳಿ. ಒಂದು ನೂರು ಪುಟದ ನೋಟ್‌ಬುಕ್ ತಂದು ಮಂಚದ ಪಕ್ಕ ಪೆನ್ನು ಕಟ್ಟಿ ಇಡಿ. ಬಂದ ನರ್ಸ್ ಹೆಸರು, ಹೊತ್ತು, ಜ್ವರ, ಬಿಪಿ, ಕೊಟ್ಟ ಔಷಧಿ ಆಗಿಂದಾಗಲೇ ಬರೆಸಿ, ಸಹಿ ಹಾಕಿಸಿ. ಪಾಲಿಸಿಯಲ್ಲಿರೋ ಹೆಸರೂ ಬಿಲ್ಲಿನ ಹೆಸರೂ ಇನಿಷಿಯಲ್ ಸಮೇತ ಒಂದೇ ಇರಲಿ. ಮತ್ತೆ, ಬಾಣಂತಿ ಇರೋ ಮನೆಗೆ ಆಶಾ ಬಂದಾಗ ಬೇಗ ಮುಗಿಸಿ ಅನ್ನಬೇಡಿ. ತಾಯಿ ಕಾರ್ಡ್ ತೆಗೆದಿಡಿ, ಕೂರೋಕೆ ಕುರ್ಚಿ ಕೊಡಿ, ಅವರು ಬರೆದು ಮುಗಿಸೋ ತನಕ ಕಾಯಿರಿ.